ಬಳ್ಳಿಯಿಲ್ಲದ ಗೋಡೆ

ಮಾರ್ಚ್ ೪

ತಮ್ಮನಿಗೆ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಚೆನ್ನಾಗಿಯೇ ಇದ್ದೀಯ ಎಂದು ನಿನ್ನ ಪುಸ್ತಕದ ಹಿಂದಿನ ಫೋಟೋ ಹೇಳುತ್ತಿದೆ. ಮನೆ ಬದಲಾಯಿಸಿದವನು ವಿಳಾಸ ತಿಳಿಸಲಿಲ್ಲ, ಅದಕ್ಕೇ ಪ್ರಕಾಶಕರ ವಿಳಾಸಕ್ಕೆ ಹಾಕುತ್ತಿದ್ದೇನೆ. ಮೂವತ್ತೈದು ವರ್ಷ ಹಳೇ ಪೇಟೆಗೆ ಅಂಚೆ ಹಂಚಿದವಳಿಗೆ ಒಬ್ಬ ತಮ್ಮನನ್ನು ಪತ್ತೆ ಹಚ್ಚುವುದು ಕಷ್ಟವೇನಲ್ಲ.

ಹೋದ ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಕೂತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಹೊರಗಿನವರು, ಗಂಡ ಹೆಂಡತಿ, ಕೈಯಲ್ಲಿ ಹಳೇ ಪೇಟೆ ಸುತ್ತುವ ನಡಿಗೆಗಳ ಪುಸ್ತಕ ಹಿಡಿದು ಬೆವರು ಒರೆಸಿಕೊಳ್ಳುತ್ತಾ ಬಂದರು. "ಅಮ್ಮಾ, ಬಣ್ಣಗಾರರ ಓಣೀಲಿ ನೀಲಿ ಹೂವಿನ ಬಳ್ಳಿ ಹಬ್ಬಿರೋ ಗೋಡೆ ಯಾವ್ದು? ಎರಡು ಸಲ ಸುತ್ತಿದ್ವಿ, ಸಿಗ್ಲೇ ಇಲ್ಲ" ಅಂದಳು ಆಕೆ. ನನ್ನ ಕೈ ಎಣ್ಣೆಬಟ್ಟಲಲ್ಲೇ ನಿಂತುಹೋಯಿತು. ಆ ಓಣಿಯಲ್ಲಿ ಬಳ್ಳಿಯೂ ಇಲ್ಲ, ಹೂವೂ ಇಲ್ಲ. ಯಾವತ್ತೂ ಇರಲಿಲ್ಲ. ಅದು ಇದೆ ಎಂದು ಲೋಕದಲ್ಲಿ ಬರೆದವಳು ನಾನೊಬ್ಬಳು, ಓದಿದವನು ನೀನೊಬ್ಬ.

ಪುಸ್ತಕ ಈಸಿಕೊಂಡು ಅಲ್ಲೇ ಓದಿದೆ. ಅವರು ಪಾಪ ನೆರಳಲ್ಲಿ ಕಾದರು. ಮೊದಲ ನಡಿಗೆ ಅಂಚೆ ಕಚೇರಿಯ ಹಿಂಬಾಗಿಲಿನಿಂದ ಶುರು! ಯಾವ ಪ್ರವಾಸಿಯಪ್ಪಾ ಅಂಚೆ ಕಚೇರಿಯ ಹಿಂಬಾಗಿಲಿನಿಂದ ಊರು ನೋಡಲು ಹೊರಡುವವನು? ಚೀಲ ಹೊತ್ತವಳು ಹೊರಡುತ್ತಾಳೆ. ಬೆಸ ನಂಬರಿನ ಮನೆಗಳನ್ನು ಮೊದಲು ನೋಡಿ, ಓಣಿಯ ತುದಿಯಲ್ಲಿ ತಿರುಗಿ ಸಮ ನಂಬರಿನ ಕಡೆ ಬನ್ನಿ ಎಂದು ಬೇರೆ ಬರೆದಿದ್ದೀಯ. ಅದು ಸೌಂದರ್ಯ ಸವಿಯುವ ಕ್ರಮ ಅಲ್ಲವೋ ಮಹಾಶಯ, ಕಾಗದದ ಕಟ್ಟು ಜೋಡಿಸುವ ಕ್ರಮ. ಗಡಿಯಾರ ರಿಪೇರಿಯವನ ಕಿಟಕಿಯಲ್ಲಿ ಹನ್ನೊಂದು ಗಡಿಯಾರ ಹನ್ನೊಂದು ಹೊತ್ತು ತೋರಿಸುತ್ತವಂತೆ. ಅವನು ಸತ್ತು ಹದಿನೇಳು ವರ್ಷವಾಯಿತು. ಆ ಕಿಟಕಿಯಲ್ಲಿ ಈಗ ಮೊಬೈಲ್ ಕವರು ನೇತಾಡುತ್ತಿವೆ.

ನಿನಗೆ ಎದೆರೋಗ ಬಂದು ಗುಡ್ಡದ ಆಸ್ಪತ್ರೆಯಲ್ಲಿ ಎರಡು ವರ್ಷ ಮಲಗಿದ್ದಾಗ, "ಅಕ್ಕಾ, ನಿನ್ನ ಜೊತೆ ನನ್ನನ್ನೂ ನಡೆಸಿಕೊಂಡು ಹೋಗು" ಎಂದು ಬರೆದೆ. ಊದಿದ ಕಾಲನ್ನು ಬಿಸಿನೀರಲ್ಲಿ ಇಟ್ಟುಕೊಂಡು ಪ್ರತಿ ಭಾನುವಾರ ಬರೆದೆ. ಒಂದು ವಾರಕ್ಕೆ ಒಂದು ಓಣಿ. ನೂರ ನಾಲ್ಕು ಕಾಗದ. ಅವನ್ನೇ ಸಾಲಾಗಿ ಪೇರಿಸಿ, ಮೇಲೆ ನಿನ್ನ ಹೆಸರು ಹಚ್ಚಿ, "ಹಳೇ ಪೇಟೆಯನ್ನು ಅಂಗೈಯಂತೆ ಬಲ್ಲೆ" ಎಂದು ಮುನ್ನುಡಿ ಬರೆದುಕೊಂಡಿದ್ದೀಯಲ್ಲ, ನಾಚಿಕೆ ಆಗಲಿಲ್ಲವಾ? ಅಂಗೈ ನಿನ್ನದಿರಬಹುದು, ಅಂಗಾಲು ನನ್ನದು.

ಮುಖಪುಟದ ಮೇಲೆ ನನ್ನ ಹೆಸರು ಬರಬೇಕು. ನಿನ್ನದರ ಕೆಳಗಲ್ಲ, ಮೇಲೆ. ಇಲ್ಲದಿದ್ದರೆ ನಾನು ಸುಮ್ಮನಿರುವವಳಲ್ಲ, ನಿನಗೆ ಗೊತ್ತು.

ಈವರೆಗೂ ನಿನ್ನ ಅಕ್ಕ

*

ಮಾರ್ಚ್ ೨೮

ಪ್ರೀತಿಯ ಅಕ್ಕಾ,

ಲಕೋಟೆಯ ಮೇಲೆ ನಿನ್ನ ಅಕ್ಷರ ನೋಡಿ ಕಣ್ಣು ತುಂಬಿತು. ಒಳಗಿನದು ಓದಿದ ಮೇಲೆ ಒಣಗಿತು. ನಿನ್ನ ಬಾಯಿ ಇನ್ನೂ ಹಾಗೇ ಇದೆ, ಸಂತೋಷ.

ಕಾಗದ ಬರೆದವಳು ನೀನು, ಇಲ್ಲ ಎಂದವರು ಯಾರು? ಆದರೆ ಬಂದದ್ದು ನನಗೆ. ತಲುಪಿಸಿದ ಮೇಲೆ ಕಾಗದ ಯಾರ ಸೊತ್ತು ಎಂದು ನಿನ್ನ ಇಲಾಖೆಯನ್ನೇ ಕೇಳು. ಪೆಟ್ಟಿಗೆಯಲ್ಲಿ ಬಿದ್ದಿದ್ದನ್ನು ಎತ್ತಿ, ಒರೆಸಿ, ನಾಲ್ಕು ಜನ ಓದುವ ಹಾಗೆ ಮಾಡಿದ್ದೇನೆ. ಇಬ್ಬರ ಹೆಸರು ಹಾಕಿದರೆ ಓದುವವರಿಗೆ ಗೊಂದಲ ಎಂದು ಪ್ರಕಾಶಕರು ಹೇಳುತ್ತಾರೆ. ಕೃತಜ್ಞತೆಯ ಪುಟದಲ್ಲಿ "ಸಹಕಾರ: ಅಕ್ಕ" ಎಂದು ಖಂಡಿತ ಹಾಕಿಸುತ್ತೇನೆ.

ಬಳ್ಳಿ ಒಣಗಿಹೋಗಿರಬೇಕು, ಅಷ್ಟು ವರ್ಷವಾಯಿತಲ್ಲ. ಅದಕ್ಕೇ ನಿನ್ನ ಸಹಾಯ ಬೇಕು. ಸೆಪ್ಟೆಂಬರಿನಲ್ಲಿ ಎರಡನೇ ಮುದ್ರಣ. ಅಕ್ಟೋಬರಿನ ಮೊದಲ ಭಾನುವಾರ ನಾನೇ ಓದುಗರನ್ನು ಕರೆದುಕೊಂಡು ಮೊದಲ ನಡಿಗೆ ಮಾಡಿಸಬೇಕಂತೆ. ಇಪ್ಪತ್ತೊಂಬತ್ತು ವರ್ಷದ ಮೇಲೆ ಅಲ್ಲಿಗೆ ಕಾಲಿಡುತ್ತಿದ್ದೇನೆ, ಜನರ ಮುಂದೆ ಪೇಚಿಗೆ ಸಿಕ್ಕಿಸಬೇಡ. ಏನೇನು ಬದಲಾಗಿದೆ ಎಂದು ತಿದ್ದಿ ಕಳಿಸು. ನಿನ್ನನ್ನು ಬಿಟ್ಟು ಯಾರಿದ್ದಾರೆ ನನಗೆ?

ನಿನ್ನ ಮುದ್ದಿನ ತಮ್ಮ

*

ಏಪ್ರಿಲ್ ೧೧

ತಮ್ಮನಿಗೆ,

ಇಲಾಖೆಯನ್ನು ಕೇಳಬೇಕಿಲ್ಲ, ನನ್ನನ್ನೇ ಕೇಳು. ತಲುಪಿಸಿದ ಕಾಗದ ಬಂದವರ ಸೊತ್ತು, ಹೌದು. ಅದನ್ನು ತಾನೇ ಬರೆದೆ ಎಂದು ಊರಿಗೆಲ್ಲ ಓದಿ ಹೇಳಿದರೆ ಕಳ್ಳತನ. ಸಹಕಾರವಂತೆ! ಮದುವೆಮನೆಯಲ್ಲಿ ಕುರ್ಚಿ ಜೋಡಿಸಿದವರಿಗೆ ಹೇಳುವ ಮಾತು ಅದು.

ತಿದ್ದುಪಡಿ ನೀನೇ ಬಂದು, ನಡೆದು, ಮಾಡಿಕೋ. ಕಾಲು ನೋಯುವುದು ಹೇಗಿರುತ್ತದೆ ಎಂದು ತಿಳಿಯಲಿ.

ಅಕ್ಕ

*

ಮೇ ೧೯

ತಮ್ಮನಿಗೆ,

ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕುವುದಿಲ್ಲ. ಬರೆದು ಹಿಟ್ಟಿನ ಡಬ್ಬದ ಅಡಿಯಲ್ಲಿ ಇಡುತ್ತೇನೆ. ಜೀವನವೆಲ್ಲ ಊರಿನವರ ಕಾಗದ ಮುಟ್ಟಿಸಿದವಳು ನನ್ನದೊಂದನ್ನು ಮುಟ್ಟಿಸದೆ ಇಟ್ಟುಕೊಂಡರೆ ಯಾರೂ ಕೇಳುವುದಿಲ್ಲ.

ನಿನ್ನ ಪುಸ್ತಕದ ಹದಿನಾಲ್ಕನೇ ಪುಟ ನನಗೆ ಬಾಯಿಪಾಠವಾಗಿದೆ. "ಬಾವಿಕಟ್ಟೆಯ ಬಳಿ ಮೆಟ್ಟಿಲು ಇಳಿಯಬೇಡಿ. ಬಲಕ್ಕೆ ತಿರುಗಿ ಬಣ್ಣಗಾರರ ಓಣಿಯನ್ನು ಸುತ್ತಿ ಹೋಗಿ. ದಾರಿ ದೂರ, ಆದರೆ ನೀಲಿ ಹೂವಿನ ಬಳ್ಳಿಯಿರುವ ಆ ಗೋಡೆಯ ಸೊಬಗಿಗೆ ದಣಿವು ಲೆಕ್ಕಕ್ಕಿಲ್ಲ." ನಾನು ಏಕೆ ಸುತ್ತಿ ಹೋಗುತ್ತಿದ್ದೆ ಎಂದು ನಿನಗೆ ಒಂದು ದಿನವೂ ಅನುಮಾನ ಬರಲಿಲ್ಲವಲ್ಲೋ. ಮೂವತ್ತು ಸೇರು ಚೀಲ ಹೊತ್ತವಳು ಹೂವು ನೋಡಲು ಒಂದು ಫರ್ಲಾಂಗು ಹೆಚ್ಚು ನಡೆಯುತ್ತಾಳಾ?

ಮದುವೆಯಾಗುತ್ತೇನೆ ಎಂದು ನೀನು ಮಾತು ಕೊಟ್ಟು ಹೋದೆಯಲ್ಲ, ಹೊಳೆಯಾಚೆಯ ಹುಡುಗಿ. ನೀನು ಗುಡ್ಡ ಹತ್ತಿದ ಮುಂದಿನ ತಿಂಗಳೇ ಅವಳೂ ಅವಳ ತಾಯಿಯೂ ಹೊಳೆ ದಾಟಿ ಬಂದರು. ಮೆಟ್ಟಿಲ ಕೆಳಗಿನ ಖಾಲಿ ಗೋದಾಮಿನಲ್ಲಿ ಕೊಡೆ ರಿಪೇರಿ ಅಂಗಡಿ ಇಟ್ಟರು. ಅಂಚೆ ಹಾದುಹೋಗುವ ಜಾಗ ಎಂದು ಹುಡುಕಿ ಇಟ್ಟದ್ದು ಎಂದು ನನಗೆ ಆಗಲೇ ಅನ್ನಿಸಿತ್ತು. ದಿನಾ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಅಕ್ಕಾ, ಕಾಗದ ಬಂತಾ?" ಅಷ್ಟೇ ಕೇಳುತ್ತಿದ್ದಳು. ಮೊದಲು ಬರುತ್ತಿತ್ತು. ಆರು ತಿಂಗಳಾದ ಮೇಲೆ ನಿಂತಿತು. ಅವಳು ಕೇಳುತ್ತಾಳೆ ಎಂದು ನಿನಗೆ ಬರೆದೆ. "ಅವಳ ವಿಷಯ ಬರೆಯಬೇಡ, ಉಸಿರು ಕಟ್ಟುತ್ತದೆ" ಎಂದು ಉತ್ತರ ಬಂತು. ದೊಡ್ಡ ಡಾಕ್ಟರ ತಂಗಿ ನಿನ್ನ ಹಾಸಿಗೆಯ ಪಕ್ಕ ಕೂರುತ್ತಿದ್ದಾಳೆ ಎಂದು ನನಗೇನು ಗೊತ್ತು?

ಎರಡು ತಿಂಗಳು "ಇಲ್ಲಮ್ಮ" ಎಂದೆ. ಆಮೇಲೆ ಆ ಮುಖ ನೋಡಲು ಆಗಲಿಲ್ಲ. ಒಂದು ದಿನ ಬಾವಿಕಟ್ಟೆಯಲ್ಲಿ ಬಲಕ್ಕೆ ತಿರುಗಿದೆ. ಅವಳ ಅಂಗಡಿಗೆ ಬಂದ ಬಿಲ್ಲುಗಳನ್ನು ಹಿಂದಿನ ಓಣಿಯ ಕಿಟಕಿಯಿಂದ ತುರುಕಿ ಓಡಿದೆ. ನಿವೃತ್ತಿಯಾಗುವವರೆಗೆ ಇಪ್ಪತ್ತೇಳು ವರ್ಷ ಹಾಗೇ ಓಡಿದೆ. ದಾರಿ ಬದಲಾಯಿತೇಕೆ ಎಂದು ನೀನು ಕೇಳಿದಾಗ ಕಾಯಿಲೆಯವನಿಗೆ ಏನು ಹೇಳಲಿ? ಗೋಡೆಗೆ ಒಂದು ಬಳ್ಳಿ ಹಬ್ಬಿಸಿದೆ.

ಈಗ ನಿನ್ನ ಪುಸ್ತಕ ಹಿಡಿದು ಊರೂರಿನ ಜನರೆಲ್ಲ ಅವಳ ಬಾಗಿಲನ್ನು ಸುತ್ತಿ ಹೋಗುತ್ತಿದ್ದಾರೆ. ನೀನು ಮಾಡಿದ ಪಾಪದ ಸುತ್ತ ಪ್ರವಾಸಿಗಳ ಮೆರವಣಿಗೆ.

ನಿನ್ನ ಪುಸ್ತಕ ತಿದ್ದಿಕೊಡುತ್ತೇನೆ ಇರು. ನಿನ್ನ ಓದುಗರೆಲ್ಲರ ಮುಂದೆ, ನಿನ್ನ ಬಾಯಿಂದಲೇ, ಅವಳ ಬಾಗಿಲಲ್ಲೇ. ಅವಳಿಗೂ ಹೇಳುವುದಿಲ್ಲ. ಹೇಳಿದರೆ ಬೇಡ ಎಂದಾಳು.

ಅಕ್ಕ

*

ಜೂನ್ ೮

ಪ್ರೀತಿಯ ತಮ್ಮನಿಗೆ,

ಸಿಟ್ಟು ಇಳಿಯಿತು ಮಾರಾಯ. ಒಡಹುಟ್ಟಿದವರು ಒಂದು ಹೆಸರಿಗೆ ಕಚ್ಚಾಡುವುದೇ? ನಿನ್ನ ಹೆಸರು ಬಂದರೆ ನನ್ನದು ಬಂದ ಹಾಗೆಯೇ ಎಂದು ಮನಸ್ಸಿಗೆ ಹೇಳಿಕೊಂಡೆ. ಅದೂ ಒಪ್ಪಿತು.

ಗಡಿಯಾರದವನನ್ನು ತೆಗೆದುಹಾಕು. ಕಮ್ಮಾರನ ಕುಲುಮೆಯ ಜಾಗದಲ್ಲಿ ಈಗ ಸೈಕಲ್ ಅಂಗಡಿ. ಕೆಂಪು ಬಾಗಿಲಿನ ಮನೆಗೆ ಹಸಿರು ಬಳಿದಿದ್ದಾರೆ. ಹದಿನಾಲ್ಕನೇ ಪುಟದಲ್ಲಿ ಬಳ್ಳಿಯ ಸಾಲು ಹೊಡೆದುಹಾಕಿ, ಅದರ ಬದಲು ಇದನ್ನು ಸೇರಿಸು. ಕಷ್ಟಪಟ್ಟು ಬರೆದಿದ್ದೇನೆ, ಒಂದಕ್ಷರ ಕದಲಿಸಬೇಡ:

"ಬಾವಿಕಟ್ಟೆಯಿಂದ ನೇರ ಮೆಟ್ಟಿಲು ಇಳಿಯಿರಿ. ಇಪ್ಪತ್ತೆರಡು ಮೆಟ್ಟಿಲು, ನಡುವೆ ಸವೆದು ತಗ್ಗಾಗಿವೆ, ಎಣಿಸುತ್ತಾ ಇಳಿಯುವುದೇ ಚಂದ. ಕೆಳಗೆ ಎಡಗಡೆ ಕೊಡೆ ರಿಪೇರಿಯ ಅಂಗಡಿ. ಅಲ್ಲಿ ಕೂತಿರುವ ಹೆಂಗಸನ್ನು ದನಿಯೆತ್ತಿ ಕೇಳಿ: ಅಮ್ಮಾ, ನೀವು ಕಾಯುತ್ತಿದ್ದ ಕಾಗದ ಬಂತಾ? ಹಳೇ ಪೇಟೆಯ ಅತಿ ಒಳ್ಳೆಯ ಕತೆ ಆಗ ನಿಮಗೆ ಸಿಗುತ್ತದೆ."

ಜನಕ್ಕೆ ಇಂಥದ್ದು ಇಷ್ಟವಾಗುತ್ತದೆ. ನೀನೇ ಮುಂದೆ ನಿಂತು ಕೇಳು. ನನಗೆ ಮಂಡಿನೋವು, ಅವತ್ತು ಬರಲಾರೆ.

ನಿನ್ನ ಅಕ್ಕ

*

ಜುಲೈ ೧೫

ಅಕ್ಕಾ, ಬಂಗಾರದಂಥ ಅಕ್ಕಾ,

ನಿನ್ನ ಸಾಲುಗಳನ್ನು ಇದ್ದ ಹಾಗೇ ಹಾಕಿದೆ. ನಾನು ಈವರೆಗೆ ಬರೆದಿದ್ದರಲ್ಲೇ ಇದು ಚೆನ್ನಾಗಿದೆ ಎಂದು ಪ್ರಕಾಶಕರು ಬೆನ್ನು ತಟ್ಟಿದರು. "ಕಾಗದ ಬಂತಾ?" ಎನ್ನುವುದನ್ನು ಹಿಂದಿನ ರಕ್ಷಾಪುಟಕ್ಕೂ ಹಾಕಿಸುತ್ತಿದ್ದಾರೆ. ಆ ಹೆಂಗಸು ಯಾರು? ಏನು ಕತೆ? ಬೇಡ, ಹೇಳಬೇಡ. ಜನರ ಜೊತೆ ನಾನೂ ಮೊದಲ ಸಲ ಕೇಳುತ್ತೇನೆ, ಆಗಲೇ ಮುಖದಲ್ಲಿ ನಿಜವಾದ ಬೆರಗು ಬರುವುದು.

ಮಂಡಿಗೆ ಒಳ್ಳೆಯ ಎಣ್ಣೆ ತರುತ್ತೇನೆ.

ನಿನ್ನ ತಮ್ಮ

*

ಅಕ್ಟೋಬರ್ ೧೨

ಅಕ್ಕ,

ತೃಪ್ತಿಯಾಯಿತಾ?

ಮೂವತ್ತೊಂದು ಜನ ಬಂದಿದ್ದರು. ಅಂಚೆ ಕಚೇರಿಯ ಹಿಂಬಾಗಿಲಿನಿಂದ ಹೊರಟೆವು. ನನಗೆ ಒಂದು ಮನೆಯೂ ಗುರುತು ಸಿಗಲಿಲ್ಲ. ಪುಟ ತಿರುವಿ ತಿರುವಿ ನಡೆದೆ. ಬಾವಿಕಟ್ಟೆಯ ಬಳಿ ಎಲ್ಲರಿಗೂ ಎಣಿಸಿ ಎಂದೆ. ಇಪ್ಪತ್ತೆರಡು ಎಂದು ಕೂಗಿ ಕಾಲು ನೆಲಕ್ಕೆ ಇಟ್ಟರೆ ಅಲ್ಲಿ ಇನ್ನೊಂದು ಮೆಟ್ಟಿಲು. ಮುಗ್ಗರಿಸಿ ಅಂಗಡಿಯ ಬಾಗಿಲಿಗೆ ಹೋಗಿ ಬಿದ್ದೆ. ಜನ ನಕ್ಕರು. ಅದನ್ನೂ ನೀನು ಬೇಕೆಂದೇ ಮಾಡಿದ್ದು, ಬಿಡು.

ಕನ್ನಡಕ ಹಾಕಿಕೊಂಡ ಒಬ್ಬ ಹೆಂಗಸು, ಬಾಯಲ್ಲಿ ದಾರ ಕಚ್ಚಿಕೊಂಡು ಕೊಡೆಗೆ ಬಟ್ಟೆ ಹೊಲಿಯುತ್ತಿದ್ದಳು. ನಾನು ಬಟ್ಟೆ ಕೊಡವಿಕೊಂಡು, ಎಲ್ಲರಿಗೂ ಕೇಳುವ ಹಾಗೆ, ನಿನ್ನ ಸಾಲು ಓದಿದೆ: "ಅಮ್ಮಾ, ನೀವು ಕಾಯುತ್ತಿದ್ದ ಕಾಗದ ಬಂತಾ?"

ಅವಳು ಬಾಯಿಂದ ದಾರ ತೆಗೆದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕಾಗದ ಬರ್ಲಿಲ್ಲ. ಬರೀಬೇಕಾದವರೇ ಬಂದ್ರು" ಅಂದಳು. ಆಗಲೂ ನನಗೆ ಹೊಳೆಯಲಿಲ್ಲ. ಪಕ್ಕದವರ ಕಡೆ ತಿರುಗಿ, ಕತೆ ಶುರುವಾಯಿತು ನೋಡಿ ಎಂದು ಕಣ್ಣು ಮಿಟುಕಿಸಿದೆ. ಆ ಕಣ್ಣು ಕಿತ್ತು ಬಿಸಾಡಬೇಕು ಅನ್ನಿಸುತ್ತದೆ ಈಗ. ಗುಡ್ಡದ ಆಸ್ಪತ್ರೆ ಎಂದಾಗ ನನಗೆ ತಿಳಿಯಿತು. ಕೈಯಲ್ಲಿ ಪುಸ್ತಕ ಹಿಡಿದುಕೊಂಡು ಮೂವತ್ತೊಂದು ಜನರ ಮುಂದೆ ನಿಂತು ಪೂರ್ತಿ ಕೇಳಿದೆ. ನನ್ನನ್ನು ಬೊಟ್ಟು ಮಾಡಿ ತೋರಿಸಲಿಲ್ಲ ಅವಳು. "ಅಂಥ ಮನುಷ್ಯ ಉದ್ಧಾರ ಆಗಲ್ಲ" ಎಂದು ನನ್ನ ಪಕ್ಕದ ಮುದುಕಿ ನನ್ನ ತೋಳು ಹಿಡಿದುಕೊಂಡೇ ಹೇಳಿದಳು.

ಕತೆ ಮುಗಿಸಿ, "ನಿಮ್ಮ ಕೊಡೆ ಇಲ್ಲಿ ಕೊಡಿ, ಒಂದು ಕಡ್ಡಿ ಬಾಗಿದೆ" ಎಂದು ನನ್ನ ಕೊಡೆ ಈಸಿಕೊಂಡು ಸರಿ ಮಾಡಿ ಕೊಟ್ಟಳು. ನಾನು ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಜನರಿಗೆ ಆಮೇಲೂ ಏನೋ ಹೇಳುತ್ತಿದ್ದಳು, ನಿಂತು ಕೇಳಲಿಲ್ಲ. ಮಧ್ಯಾಹ್ನದ ರೈಲು ಹಿಡಿದೆ. ನಿನ್ನ ಎಣ್ಣೆ ನನ್ನ ಚೀಲದಲ್ಲೇ ಉಳಿಯಿತು.

ಇನ್ನು ಬರೆಯಬೇಡ.

ತಮ್ಮ

*

ಅಕ್ಟೋಬರ್ ೨೦

ಪೋಸ್ಟಕ್ಕನವರಿಗೆ,

ಬರಹದ ಭಾಷೆ ನನಗೆ ಬರಲ್ಲ, ಮಾತಾಡೋ ಹಾಗೇ ಬರೀತೀನಿ. ನಾಲ್ಕು ಓಣಿ ಆಚೆ ಇರೋ ನಿಮಗೆ ಸ್ಟಾಂಪ್ ಹಚ್ಚಿ ಯಾಕೆ ಹಾಕ್ತಿದ್ದಾಳೆ ಅಂದ್ಕೋಬೇಡಿ. ಕಾಯ್ತಿದ್ದವರ ಕೈಗೆ ಕಾಗದ ಬಂದು ಬೀಳೋದು ಹೇಗಿರುತ್ತೆ ಅಂತ ನಿಮಗೂ ಗೊತ್ತಾಗ್ಲಿ. ಕಾಯ್ತಿದ್ರಿ ತಾನೇ? ಅವಳು ಅವನ ಮುಖಕ್ಕೆ ಉಗಿದ್ಲಾ, ಅತ್ತಳಾ ಅಂತ?

ಪುಸ್ತಕ ನೋಡಿದೆ. ಅವನ ತಲೇಲಿ ಅಂಥ ಮಾತು ಹುಟ್ಟಲ್ಲ, ನೀವೇ ಬರೆದಿದ್ದು ಅಂತ ತಕ್ಷಣ ಗೊತ್ತಾಯ್ತು. "ಕಾಗದ ಬಂತಾ?" ಅನ್ನೋ ಮಾತು ನಿಮ್ಮ ಕಿವಿ ಬಿಟ್ಟು ಇನ್ಯಾರ ಕಿವಿಗೂ ನಾನು ಹಾಕಿರ್ಲಿಲ್ಲ. ಅದನ್ನ ಅಚ್ಚು ಹಾಕಿಸಿಬಿಟ್ರಿ. ನಿಮ್ಮ ಓಣಿಗಳನ್ನ ನಿಮ್ಮ ತಮ್ಮ ಕೇಳದೇ ತಗೊಂಡ ಅಂತ ಬೀದಿಯಲ್ಲೆಲ್ಲಾ ಬೈಕೊಂಡು ಓಡಾಡ್ತಿದ್ರಂತೆ. ನನ್ನ ಬಾಗಿಲನ್ನ ನೀವು ಯಾರನ್ನ ಕೇಳಿ ತಗೊಂಡ್ರಿ?

ಇನ್ನೊಂದು ಹೇಳ್ತೀನಿ. ಅವನಿಗೋಸ್ಕರ ನಾನು ಕಾದಿದ್ದು ಮೂರು ವರ್ಷ. ಆಮೇಲೆ ಬಿಟ್ಟೆ. ಅಷ್ಟು ಹೊತ್ತಿಗೆ ಅಮ್ಮ ಹೋದಳು. ಆಮೇಲೂ ಬಾಗಿಲಲ್ಲಿ ನಿಂತಿರ್ತಿದ್ದೆನಲ್ಲ, ಅದು ನಿಮಗೋಸ್ಕರ. "ಬಂದಿಲ್ಲ ಕಣೇ, ಅವನು ಹಾಳಾಗ್ಲಿ, ಒಳಗೆ ನಡಿ" ಅಂತ ಹೇಳೋಕೆ ಒಂದು ಜೀವ ಬೇಕಿತ್ತು ನನಗೆ. ಹಿಂದಿನ ಕಿಟಕೀಲಿ ಕರೆಂಟ್ ಬಿಲ್ಲು ಬೀಳ್ತಿತ್ತು, ನಿಮ್ಮ ಚಪ್ಪಲಿ ಸದ್ದು ದೂರ ಹೋಗ್ತಿತ್ತು. ಎಡಗಾಲು ಸ್ವಲ್ಪ ಎಳೀತೀರಿ ನೀವು. ಅವನು ಒಂದು ಸಲ ಬಿಟ್ಟು ಹೋದ. ನೀವು ದಿನಾ ಬಿಟ್ಟು ಹೋದ್ರಿ.

ಅವನ ಮೇಲೆ ಸೇಡು ತೀರಿಸಿಕೊಂಡ್ರಿ, ಸರಿ. ಈಗ ನನ್ನದು ಕೇಳಿ. ಅವನು ಮೆಟ್ಟಿಲು ಹತ್ತಿ ಹೋದ ಮೇಲೆ ಆ ಜನಕ್ಕೆಲ್ಲ ಹೇಳಿದೆ: ಈ ದಾರಿ ಅವರದಲ್ಲ, ನಮ್ಮ ಪೋಸ್ಟಕ್ಕಂದು, ಬದುಕಿದ್ದಾರೆ, ಅಂಚೆ ಕಚೇರಿ ಹತ್ರಾನೇ ಮನೆ. ತಿಂಗಳ ಕೊನೆಯಿಂದ ಪ್ರತಿ ಭಾನುವಾರ ಹತ್ತು ಗಂಟೆಗೆ ಅವರೇ ನಿಮ್ಮನ್ನ ನಡೆಸ್ತಾರೆ ಅಂತ ಒಪ್ಪಿಕೊಂಡುಬಿಟ್ಟೆ. ನಿಮ್ಮನ್ನ ಕೇಳದೇ. ಹೇಗಿದೆ?

ನಡಿಗೆ ನಿಮ್ಮ ಹೆಸರಲ್ಲೇ ನಡೀಲಿ, ಬೋರ್ಡ್ ಬೇಕಾದ್ರೂ ಬರೆಸಿ. ಆದ್ರೆ ಪ್ರತಿ ಭಾನುವಾರ ಮೆಟ್ಟಿಲು ಇಳಿದು ಬಂದು, ನನ್ನ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡ್ಕೊಂಡು, ಇಪ್ಪತ್ತೇಳು ವರ್ಷ ಯಾಕೆ ಸುತ್ತಿ ಹೋದೆ ಅಂತ ನೀವೇ ಹೇಳ್ಬೇಕು. ನಾನು ಕೊಡೆ ಹೊಲೀತಾ ಕೇಳ್ತೀನಿ.

ಮೆಟ್ಟಿಲ ಕೆಳಗಿನವಳು

*

ನವೆಂಬರ್ ೯

ತಮ್ಮನಿಗೆ,

ಬರೆಯಬೇಡ ಎಂದೆ. ಬರೆಯುತ್ತೇನೆ. ಓದದೆ ಹರಿದುಹಾಕುವವನಲ್ಲ ನೀನು, ನನ್ನ ಕಾಗದವನ್ನು ನೀನು ಹೇಗೆ ಜೋಪಾನ ಮಾಡುತ್ತೀಯ ಎಂದು ನೋಡಿದ್ದೇನಲ್ಲ.

ಅವಳ ಕಾಗದದ ನಕಲು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟು ಕುದಿಯಿತೋ ಅಷ್ಟೂ ಅದನ್ನು ಓದಿದ ದಿನ ತಿರುಗಿ ನನ್ನ ಮೇಲೇ ಬಂತು. ಎರಡು ಭಾನುವಾರ ಬಾಗಿಲು ಹಾಕಿಕೊಂಡು ಕೂತೆ. ಮೂರನೆಯ ಭಾನುವಾರ ಜನ ಬಾಗಿಲು ಬಡಿದರು. ಹತ್ತು ಜನ ಇದ್ದರು. ಚಪ್ಪಲಿ ಮೆಟ್ಟಿ ಹೊರಟೆ.

ಅಂಚೆ ಕಚೇರಿಯಿಂದ ಬಾವಿಕಟ್ಟೆಯವರೆಗೆ ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ಯಾವ ಮನೆಯ ನಾಯಿ ಕಚ್ಚುತ್ತಿತ್ತು, ಯಾವ ಮನೆಯ ಯಜಮಾನ ತನಗೆ ತಾನೇ ಕಾಗದ ಬರೆದುಕೊಳ್ಳುತ್ತಿದ್ದ, ಎಲ್ಲ ಹೇಳಿದೆ. ಬಿದ್ದು ಬಿದ್ದು ನಕ್ಕರು. ನನ್ನ ಹೆಸರು ಕೇಳಿ ಬರೆದುಕೊಂಡರು. ನನಗೆ ಬೇಕಿದ್ದುದು ಅದೇ ಅಲ್ಲವೇ? ಬಾವಿಕಟ್ಟೆಯಲ್ಲಿ ಕಾಲು ತಾನಾಗಿ ಬಲಕ್ಕೆ ಹೊರಳಿತು. ಹಿಡಿದು ನಿಲ್ಲಿಸಿ ನೇರ ಇಳಿದೆ.

ಅವಳು ತಲೆ ಎತ್ತಲಿಲ್ಲ. ದಾರ ಪೋಣಿಸುತ್ತಾ, "ಹೇಳಿ" ಅಂದಳು. ಹೇಳಿದೆ. ನಿನ್ನ ಭಾಗವನ್ನೂ ಹೇಳಿದೆ, ಬಿಡಲಿಲ್ಲ. ವಾರವಾರ ಹೇಳುತ್ತೇನೆ, ನಾನು ಬದುಕಿರುವವರೆಗೆ ಆ ಬಾಗಿಲಲ್ಲಿ ನಿನ್ನ ಮಾನ ಹೋಗುತ್ತಲೇ ಇರುತ್ತದೆ. ಜೊತೆಗೆ ನನ್ನದೂ ಹೋಗುತ್ತದೆ, ಏನು ಮಾಡಲಿ. ನಾನು ಮುಗಿಸಿದ ಮೇಲೆ ಅವಳು, "ಮುಂದಿನ ವಾರ ಇನ್ನೂ ಸ್ವಲ್ಪ ಜೋರಾಗಿ ಹೇಳಿ, ಹಿಂದಿದ್ದವರಿಗೆ ಕೇಳ್ಲಿಲ್ಲ" ಅಂದಳು.

ಒಂದು ಮಾತು ಮಾತ್ರ ಸುಳ್ಳು ನೀನು ಬರೆದದ್ದು. ಆ ಕೊನೆಯ ಮೆಟ್ಟಿಲನ್ನು ನಾನು ಬೇಕೆಂದು ಬಿಟ್ಟದ್ದಲ್ಲ. ಇಪ್ಪತ್ತೆರಡೇ ಎಂದು ಆಣೆ ಮಾಡಿ ಹೇಳುತ್ತಿದ್ದೆ. ಹೋದ ಭಾನುವಾರ ನಾನೂ ಅಲ್ಲೇ ಮುಗ್ಗರಿಸಿದೆ, ಮಂಡಿ ಒಡೆಯಿತು. ಮೂರನೇ ಮುದ್ರಣಕ್ಕೆ ತಿದ್ದಿಕೋ. ಇಪ್ಪತ್ತಮೂರು. ನೀನು ನಡೆಯದೆ ಬರೆದೆ, ನಾನು ಇಳಿಯದೆ ಬರೆದೆ.

ಎಣ್ಣೆ ಕಳಿಸು.

ಅಕ್ಕ